ಟಪೆಟ್ಟಿನ ಅಳತೆ

ತಮ್ಮಾ,

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಮಗಳು. "ದೊಡ್ಡಪ್ಪ, ಅಪ್ಪನ ಮೇಲಿನ ಸಿಟ್ಟನ್ನ ಅಪ್ಪನಿಗೇ ಬರೀರಿ, ನನ್ನ ಮೇಲೆ ಕಾರಬೇಡಿ" ಅಂತಾಳೆ. ಸತ್ತು ಎರಡು ವರ್ಷವಾದವನಿಗೆ ಯಾವ ವಿಳಾಸ ಬರೆಯಲಿ?

ರೇಸಿಗೆಂದು ನೀನು ಬಿಚ್ಚಿ ಬದಲಾಯಿಸಿದ ಬೈಕನ್ನು ಈಗ ಅವಳು ಓಡಿಸುತ್ತಾಳೆ. ಅದರ ವಾಲ್ವುಗಳ ಟಕಟಕ ನನಗೆ ಮೊದಲಿನಿಂದಲೂ ಆಗದು. ಸದ್ದು ಮಾಡುವ ಇಂಜಿನ್ ನನ್ನ ಗ್ಯಾರೇಜಿನಿಂದ ಯಾವತ್ತೂ ಹೊರಗೆ ಹೋಗಿಲ್ಲ. ಸೋಮವಾರ ಅವಳಿಗೆ ಹೇಳದೆ, ವಾಲ್ವನ್ನು ಒತ್ತುವ ಟಪೆಟ್ ಬಿಗಿ ಮಾಡಿ ಎರಡರ ನಡುವಿನ ಗ್ಯಾಪ್ ಇಳಿಸಿದೆ. ಬೆಕ್ಕಿನ ಹಾಗೆ ಸುಮ್ಮನಾಯಿತು. ನಿನ್ನೆ ಅವಳು ಅದನ್ನು ತಳ್ಳಿಕೊಂಡು ಬಂದಳು. ಕಾದು ಹಿಗ್ಗಿದ ವಾಲ್ವ್, ಗ್ಯಾಪ್ ಸಾಲದೆ, ಪೂರ್ತಿ ಮುಚ್ಚಿಕೊಳ್ಳಲಾಗದೆ ಅಂಚು ಸುಟ್ಟುಹೋಗಿತ್ತು.

"ಅಪ್ಪ ಹೇಳ್ತಿದ್ರಲ್ಲ, ಇದು ಮಾತಾಡ್ತಿದ್ರೇನೇ ಚೆನ್ನಾಗಿರುತ್ತೆ ಅಂತ."

"ನಿಮ್ಮಪ್ಪ ನೂರು ಹೇಳ್ತಿದ್ದ," ಅಂದೆ.

ಇದನ್ನು ತಪ್ಪೊಪ್ಪಿಗೆ ಅಂದುಕೊಳ್ಳಬೇಡ. ಹೊಸ ವಾಲ್ವ್ ಹಾಕಿದ್ದೇನೆ. ಆದರೆ ನೀನು ಎಷ್ಟು ಗ್ಯಾಪ್ ಇಡುತ್ತಿದ್ದೆ ಎಂದು ಎಲ್ಲೂ ಬರೆದಿಟ್ಟಿಲ್ಲ. ನೀನಿದ್ದಾಗ ನಾನೂ ಕೇಳಲಿಲ್ಲ. ಅಣ್ಣನಾದವನು ತಮ್ಮನನ್ನು ಏನಂತ ಕೇಳುವುದು?

ಭಾನುವಾರ ಅವಳ ರೇಸ್. ಸದ್ದು ಬಂದರೆ ಬರಲಿ. ಶನಿವಾರ ಸಂಜೆಯೊಳಗೆ ಅಳತೆ ತಿಳಿಸು.