ಮಟಮಟ ಮಧ್ಯಾಹ್ನದ ಸಂಜೆದೀಪ

ಹರಿಹರ
10-11-2025, ಸೋಮವಾರ

ನಮ್ಮ ಸುಮಾನ ಅಪ್ಪನವರಿಗೆ ನಮಸ್ಕಾರಗಳು.

ಮೊಣಕಾಲು ನೋವು ಹೆಂಗೈತೆ? ಎಣ್ಣೆ ತಿಕ್ಕಿಕೊಳ್ಳೋದು ಬಿಟ್ಟಿರ್ತೀರಿ, ನನಗೆ ಗೊತ್ತು. ಇವತ್ತು ಕಾರ್ತಿಕ ಸೋಮವಾರ, ಉಪವಾಸ ಇದ್ದೀನಿ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸದ್ದಾಗದಂಗೆ ಪಾತ್ರೆ ಒಂದೊಂದೇ ತೊಳೆದು, ದೇವರಿಗೆ ದೀಪ ಹಚ್ಚಿದೆ. ಗಂಟೆ ಬಾರಿಸಲಿಲ್ಲ. ಅಳಿಯಂದಿರು ಗುತ್ತೂರಿನ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಇರೋದೇ ಒಂದು ಕೋಣೆ. ಫೋನಿನಲ್ಲಿ ಪಿಸುಗುಟ್ಟಿದರೂ ಅವರಿಗೆ ಎಚ್ಚರ. ಅದಕ್ಕೇ ಬಚ್ಚಲಮನೆ ದೀಪ ಹಾಕಿಕೊಂಡು, ಬಕೆಟ್ ಬೋರಲು ಹಾಕಿ, ಅದರ ಮೇಲೆ ಹಾಳೆ ಇಟ್ಟು ಬರೀತಾ ಇದ್ದೀನಿ.

ಅಳಿಯಂದಿರ ಮೇಲೆ ದೂರು ಹೇಳ್ತಿಲ್ಲ. ರಾತ್ರಿ ಪಾಳಿ ಶುರುವಾದ ಮೇಲೆ ನಿದ್ದೆ ಇಲ್ಲದೆ, ಊಟ ಸೇರದೆ ಅವರ ಮುಖ ಬತ್ತಿಹೋಗಿತ್ತು. ದಾವಣಗೆರೆ ಡಾಕ್ಟರು, ಮೈಯೊಳಗೂ ಒಂದು ಗಡಿಯಾರ ಐತಪ್ಪ, ಬೆಳಕು ಕಂಡರೆ ಅದು ಏಳು ಅಂತೈತೆ, ಕತ್ತಲು ಮಾಡಿಕೊಂಡು ಮಲಗು ಅಂದರಂತೆ. ಅವತ್ತೇ ಕಿಟಕಿಗೆ ಕರೀ ಟಾರ್ಪಾಲು ಹೊಡೆದರು. ಟಿಕ್ ಟಿಕ್ ಅಂತೈತೆ ಅಂತ ಗೋಡೆ ಗಡಿಯಾರದ ಸೆಲ್ಲೂ ತೆಗೆದಿಟ್ಟರು. ಬಾಗಿಲು ತೆಗೆದರೆ ಬಿಸಿಲು ಅವರ ಮುಖಕ್ಕೇ ಬೀಳ್ತೈತೆ, ಅದಕ್ಕೆ ಸಂಜೆವರೆಗೂ ಚಿಲಕ. ಪಾಪ, ಈಗ ಅವರಿಗೆ ನಿದ್ದೆ ಹತ್ತೈತೆ. ಕೆಟ್ಟಿದ್ದು ಮೊಮ್ಮಗಳದ್ದು, ನನ್ನದು. ಕೂಸು ಹಗಲೆಲ್ಲ ಆ ಕತ್ತಲಲ್ಲಿ ಮಲಗ್ತೈತೆ, ರಾತ್ರಿಯೆಲ್ಲ ಕೇಕೆ ಹಾಕಿ ಆಡ್ತೈತೆ. ಸುಮಾ ಬೆಳಗ್ಗೆ ಎದ್ದು ದಾವಣಗೆರೆ ಬಟ್ಟೆ ಅಂಗಡಿಗೆ ಹೋಗಬೇಕಲ್ಲ, ಹಂಗಾಗಿ ರಾತ್ರಿ ಕೂಸು ನನ್ನ ತೊಡೆ ಮೇಲೆ. ಕೋಳಿಗಿಂತ ಮೊದಲು ಏಳ್ತಿದ್ದ ನಾನು ಈಗ ಅಳಿಯಂದಿರ ಬೈಕಿನ ಸದ್ದಿಗೆ ಗಾಬರಿಬಿದ್ದು ಏಳ್ತೀನಿ.

ಹೋದ ಸೋಮವಾರ ಆಗಬಾರದ್ದು ಆಯ್ತು. ಕೂಸಿನ ಪಕ್ಕ ಹಂಗೇ ಕಣ್ಣು ಹತ್ತಿತ್ತು. ಎಚ್ಚರಾದಾಗ ಕತ್ತಲು. ಹೊತ್ತು ಮುಳುಗೈತೆ, ಅಳಿಯಂದಿರು ಇನ್ನೂ ಎದ್ದಿಲ್ಲ ಅಷ್ಟೇ ಅಂದುಕೊಂಡು ಸ್ನಾನ ಮಾಡಿ, ಸಂಜೆ ದೀಪ ಹಚ್ಚಿ, ಎಡೆ ಹಿಡಿದು, ಉಪವಾಸ ಬಿಟ್ಟು ಉಂಡೆ. ಮುಸುರೆ ಚೆಲ್ಲಲು ಬಾಗಿಲು ತೆಗೆದರೆ ಮಟಮಟ ಮಧ್ಯಾಹ್ನ. ಎದುರುಮನೆ ಕಸ್ತೂರಮ್ಮ ಸಂಡಿಗೆ ಒಣಹಾಕ್ತಿದ್ದಳು. ಒಳಗಿನ ದೀಪ ನೋಡಿ, "ಯಾಕ್ರೀ ಅಕ್ಕ, ನಿಮ್ಮನೆ ಸೂರ್ಯಂದೂ ನೈಟ್ ಶಿಫ್ಟಾ?" ಅಂದಳು. ನಾನೂ ನಕ್ಕೆ. ಒಳಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಹೊಲದಲ್ಲಿ ಕಳೆ ಕೀಳುವಾಗಲೂ ನಾನು ಯಾವತ್ತೂ ಯಾರನ್ನೂ ಹೊತ್ತೆಷ್ಟು ಅಂತ ಕೇಳಿದವಳಲ್ಲ, ಮೈಯೇ ಹೇಳ್ತಿತ್ತು. ವ್ರತ ಕೆಟ್ಟಿದ್ದನ್ನ ಶಿವ ಕ್ಷಮಿಸ್ತಾನೆ. ನನ್ನ ಮೈಯೇ ನನಗೆ ಸುಳ್ಳು ಹೇಳಿತಲ್ಲ, ಅದು ಅರಗ್ತಿಲ್ಲ.

ಇರಲಿ, ನನ್ನ ಚಿಂತೆ ಬ್ಯಾಡ. ಹೊತ್ತೊತ್ತಿಗೆ ಉಣ್ರಿ. ಹರಿಹರೇಶ್ವರ ನಿಮ್ಮನ್ನ ಕಾಯಲಿ.

ನಿಮ್ಮ
ದುರುಗವ್ವ

ತಾ.ಕ.: ಚಿಂತೆ ಬ್ಯಾಡ ಅಂತ ಸುಮ್ಮನೆ ಬರೆದೆ. ಮೊನ್ನೆ ಸುಮಾ ಕೆಲಸಕ್ಕೆ ಹೊರಡುವಾಗ ನನ್ನ ಕಿವಿ ಹತ್ತಿರ ಬಂದು, "ಅವ್ವಾ, ಕೂಸು ಸ್ಕೂಲಿಗೆ ಹೋಗೋತನಕ ಇಲ್ಲೇ ಇದ್ದುಬಿಡು" ಅಂದಳು. ಅಳಿಯಂದಿರು ಮಲಗಿದ್ದರು. ಆಗಲ್ಲ ಅನ್ನಲು ದನಿ ಎತ್ತಬೇಕಿತ್ತು, ಎತ್ತಲಿಲ್ಲ. ಒಪ್ಪಿದೆ ಅಂದುಕೊಂಡು ಖುಷಿಯಾಗಿ ಹೋದಳು. ನೀವು ಬರ್ರಿ. ನಿಮ್ಮವ್ವನನ್ನೂ ಕೂಸನ್ನೂ ನಮ್ಮೂರು ಕೊಕ್ಕನೂರಿಗೆ ಕರಕೊಂಡು ಹೋಗ್ತೀನಿ ಅಂತ ನಿಮ್ಮ ಬಾಯಿಂದ ಸುಮಾಗೆ ಜೋರಾಗಿ ಹೇಳ್ರಿ. ಅಳಿಯಂದಿರಿಗೆ ಎಚ್ಚರಾದರೂ ಆಗಲಿ. ಈ ಕಾಗದ ತರೋ ನಮ್ಮೂರ ಕೆಂಚವ್ವ ಗುರುವಾರ ಸೊಪ್ಪು ಮಾರಲು ಮತ್ತೆ ಈ ಕಡೆ ಬರ್ತಾಳೆ. ಯಾವತ್ತು ಬರ್ತೀರಿ ಅಂತ ಎರಡಕ್ಷರ ಬರೆದು ಅವಳ ಕೈಲಿ ಕಳಿಸ್ರಿ. ಬಾಗಿಲು ಬಡೀಬ್ಯಾಡ, ಸಂದಿಯಲ್ಲಿ ತೂರಿಸು ಅಂತ ಹೇಳ್ರಿ.