ಬೂದುಗುಂಬಳದ ದೆಸೆಯಿಂದ ಬೀಗ ಬಿದ್ದ ಪ್ರೆಸ್

ಮಾನ್ಯ ಪ್ರಯೋಗಾಲಯ ಸುರಕ್ಷತಾಧಿಕಾರಿಗಳೇ,

ಸೆಲ್ಲುಗಳನ್ನು ಒತ್ತಿ ಹಿಡಿಯುವ ನಮ್ಮ ಬ್ಯಾಟರಿ ಪ್ರೆಸ್ಸಿಗೆ ತಾವು ಜಡಿದ ಬೀಗವನ್ನು ದಯವಿಟ್ಟು ತೆಗೆಯಿರಿ. ಇಂಗ್ಲಿಷಿನಲ್ಲಿ ಕೊಟ್ಟ ಮನವಿಗಳಿಗೆಲ್ಲ ತಾವು ಮೌನವಾಗಿದ್ದಿರಿ. ಕನ್ನಡದಲ್ಲಿ ಬರೆದರೆ ತಮಗಂತೂ ನಷ್ಟವಿಲ್ಲ, ಈ ಡನೀಡಿನ್ ಊರಿನ ಕನ್ನಡಿಗರಾದರೂ ಓದಿಯಾರು.

ನಮ್ಮ ಕಷ್ಟ ಇಷ್ಟೇ. ನಾವು ಮಾಡುತ್ತಿರುವ ಬ್ಯಾಟರಿಯಲ್ಲಿ ದ್ರವವಿಲ್ಲ. ಆನೋಡ್ ಎಂಬ ಋಣಧ್ರುವದ ಲಿಥಿಯಂ ಹಾಳೆ, ದ್ರವದ ಬದಲಿಗಿರುವ ಗಟ್ಟಿ ಸೆರಾಮಿಕ್ ಬಿಲ್ಲೆಗೆ ಎಲ್ಲೂ ಸಂದಿಲ್ಲದಂತೆ ಕೂಡಿಕೊಳ್ಳಬೇಕು. ಅವೋ, ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಫ್ಲ್ಯಾಟ್‌ಮೇಟ್‌ಗಳ ಹಾಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗಿಕೊಂಡಿರುತ್ತವೆ. ತಾಗಿದ ಕಡೆಯೇ ಕರೆಂಟೆಲ್ಲ ನುಗ್ಗಿ, ಲಿಥಿಯಂ ಬೇರು ಬಿಟ್ಟು ಬಿಲ್ಲೆಯನ್ನು ಸೀಳುತ್ತದೆ; ಸೆಲ್ ಸಾಯುತ್ತದೆ. ಅವೆರಡನ್ನೂ ಒಲಿಸಲು ನಾನು ಲೇಪ ಹಚ್ಚಿದೆ, ಉಜ್ಜಿದೆ, ಕಾಯಿಸಿದೆ, ಬೈದೆ. ಒಂದೂ ನಡೆಯಲಿಲ್ಲ.

ಆಗ ಬಂತು ಆಯುಧಪೂಜೆ. ಪ್ರೆಸ್ಸಿನಡಿ ಬಿಗಿದಿಟ್ಟಿದ್ದ ಸೆಲ್ ತೆಗೆಯಲು ಹೋದರೆ ನನ್ನ ಸಹೋದ್ಯೋಗಿ, ಧಾರವಾಡದ ಲೋಹಿತ್, ಅಡ್ಡ ನಿಂತ.

"ಅಕ್ಕಾ, ಪೂಜಾ ಆಗೇದ. ಇವತ್ತ ಮಷೀನ್ ಮುಟ್ಟಂಗಿಲ್ಲ."

"ಸೆಲ್ ಒಳಗೇ ಇದೆ ಕಣೋ."

"ಇರ್ಲಿ ಬಿಡ್ರಿ. ಅದಕ್ಕೂ ಹಬ್ಬ ಅದ."

ಮರುದಿನ ನೋಡಿದರೆ, ಮೆತ್ತಗಿನ ಲಿಥಿಯಂ ಒತ್ತಡದಡಿ ನಿಧಾನಕ್ಕೆ ಹರಡಿ ಸಂದೆಲ್ಲ ತುಂಬಿಕೊಂಡಿತ್ತು. ಎಷ್ಟು ಕರೆಂಟ್ ಹರಿಸಿದರೂ ಆ ಸೆಲ್ ಸಾಯಲೇ ಇಲ್ಲ. ನಾನು ಖುಷಿಯಿಂದ ಕುಣಿದುಬಿಟ್ಟೆ. ಒಂದೇ ಸಲ ಆದದ್ದನ್ನು ಯಾರೂ ನಂಬುವುದಿಲ್ಲವಲ್ಲ, ಎರಡನೆಯ ಸೆಲ್ಲನ್ನೂ ಹಾಗೇ ಬಿಗಿದಿಟ್ಟೆವು. ಅದು ಬದುಕಿದರೆ ಮಾತ್ರ ನನ್ನ ಇಷ್ಟು ವರ್ಷದ ಕೆಲಸಕ್ಕೆ ಬೆಲೆ. ಅಷ್ಟರಲ್ಲಿ ತಮ್ಮ ಆಗಮನವಾಯಿತು.

ಬಾಗಿಲಲ್ಲಿ ಲೋಹಿತ್ ಒಡೆದಿದ್ದ ಬೂದುಗುಂಬಳ ಇನ್ನೂ ಬಿದ್ದಿತ್ತು. ದೂರದ ಮೌಂಟ್ ರಾಸ್ಕಿಲ್ಲಿನ ಭಾರತೀಯ ಅಂಗಡಿಯಿಂದ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅದರೊಳಗಿನ ಕುಂಕುಮ ಕಂಡು ತಾವು "ಗುರುತು ಸಿಗದ ಪ್ರಾಣಿಯ ರಕ್ತ" ಎಂದು ಬರೆದುಕೊಂಡಿರಿ. ಸ್ವಾಮೀ, ಹೊಟ್ಟೆತುಂಬ ಬೀಜವಿರುವ ಪ್ರಾಣಿ ಯಾವುದು? ಪ್ರೆಸ್ಸಿನ ಮುಂದಿನ ನಿಂಬೆಹಣ್ಣು ತಮ್ಮ ವರದಿಯಲ್ಲಿ "ಅನಧಿಕೃತ ಆಮ್ಲ". ತನಿಖೆ ಮುಗಿಯುವ ತನಕ ಬೀಗವಂತೆ. ತನಿಖೆಯ ಸುದ್ದಿಯೇ ಇಲ್ಲ. ನಾವು ಒಂದು ದಿನ ಮಾಡುವ ಆಯುಧಪೂಜೆಯನ್ನು ತಮ್ಮ ಕಚೇರಿ ವರ್ಷವಿಡೀ ಆಚರಿಸುವಂತಿದೆ.

ಈಗ ನನ್ನ ಭಯ ಬೇರೆ. ಬೀಗದೊಳಗೆ ಆ ಎರಡನೆಯ ಸೆಲ್ ಇನ್ನೂ ಒತ್ತಡದಲ್ಲೇ ಇದೆ. ಅದಕ್ಕೆ ಇಷ್ಟು ದೀರ್ಘ ವಿಶ್ರಾಂತಿ ಕೊಡುವ ತಾಳ್ಮೆ ನಮಗೆಂದೂ ಇರಲಿಲ್ಲ. ಅದು ಮೊದಲಿನದಕ್ಕಿಂತ ಚೆನ್ನಾಗಿ ಕೂಡಿಕೊಂಡಿದ್ದರೆ, ಸಂಶೋಧನಾ ಲೇಖನದಲ್ಲಿ ತಮ್ಮ ಹೆಸರನ್ನು ನನ್ನ ಹೆಸರಿಗಿಂತ ಮೊದಲು ಹಾಕಬೇಕಾಗುತ್ತದೆ. ಕೊಡುಗೆ: ಏನೂ ಮಾಡದೆ ಇದ್ದದ್ದು. ಅಂಥ ಗತಿ ಬರುವ ಮೊದಲು ಬೀಗ ತೆಗೆಯಿರಿ.

ಇಂತಿ,
ತಮ್ಮ ಬೀಗದ ಹೊರಗೆ ಕಾಯುತ್ತಿರುವ, ಸದ್ಯಕ್ಕೆ ಮೊದಲ ಲೇಖಕಿಯಾಗಿರುವ
ತೇಜಸ್ವಿನಿ