ರಶ್ಮಿಯ ಕಾರಿಗೆ ಹಾಕಿದ ರಾಡ್

ಕಳಸ
೧೪ ಸೆಪ್ಟೆಂಬರ್ ೨೦೨೪

ಗೆಳೆಯ ಬಸವರಾಜಪ್ಪನಿಗೆ ರಜಾಕನ ಸಲಾಂ.

ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕೋಪ ಬೇಡ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಹೇಳಿಬಿಡುತ್ತೇನೆ, ಅದಕ್ಕೇ ಈ ಕಾಗದ. ಮಗಳು ರಶ್ಮಿಯ ಕೈಯ ಪ್ಲಾಸ್ಟರ್ ಬಿಚ್ಚಿದರೇ? ನೋವು ಹೇಗಿದೆ?

ಇಲ್ಲಿ ಗ್ಯಾರೇಜಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ನಿನ್ನ ಹಳೇ ಕಾರು ತಿರುವಿನಲ್ಲಿ ಹಿಂಬದಿ ಆಡಿಸುತ್ತದೆಂದು ರಶ್ಮಿ ತಂದಾಗ, ಡಿಕ್ಕಿಯೊಳಗೆ ಎರಡೂ ಶಾಕ್ ಅಬ್ಸಾರ್ಬರ್ ಕೂರುವ ಜಾಗ ಸೇರಿಸಿ ಅಡ್ಡ ರಾಡ್ ಬೆಸೆದಿದ್ದೆನಲ್ಲ, ಈಗ ಎಲ್ಲರಿಗೂ ಅದೇ ಬೇಕು. ನಿನ್ನೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಶಿಧರ್ ಬಂದು, "ಆ ಟೀಚರ್ ಜೀವ ಉಳ್ಸಿದ ರಾಡೇ ನಮ್ಗೂ ಹಾಕಿ ಸಾಬ್ರೇ" ಅಂದರು.

ಈ ಮಾತು ಹಬ್ಬಿಸಿದವನು ನೀನೇ. ರಶ್ಮಿಯ ಕಾರು ತಿರುವಿನಲ್ಲಿ ಚರಂಡಿಗೆ ಬಿದ್ದ ಮರುದಿನ ಗ್ಯಾರೇಜಿಗೆ ಹಾರ ಹಿಡಿದು ಬಂದು, "ನಿನ್ನ ರಾಡ್ ಇಲ್ದಿದ್ರೆ ಕಾರು ಚರಂಡಿಗಲ್ಲ, ಹಳ್ಳಕ್ಕೇ ಹೋಗ್ತಿತ್ತು ಮಾರಾಯ" ಎಂದು ಎಲ್ಲರೆದುರು ಅಪ್ಪಿಕೊಂಡೆ. "ಇವ್ಳಿಗೆ ಸ್ಪೀಡು ಜಾಸ್ತಿ, ಇನ್ನು ಸ್ಟೇರಿಂಗ್ ಮುಟ್ಟಕೂಡ್ದು" ಎಂದು ಅವಳ ಕೀಲಿ ಕಿತ್ತುಕೊಂಡೆ. ಕಳಸದ ರೂಮು ಖಾಲಿ ಮಾಡಿಸಿ ವಸ್ತಾರೆಯ ನಿನ್ನ ಮನೆಗೆ ಕರೆದೊಯ್ದೆ. ಸಂಸೆ ಶಾಲೆಯ ಟೀಚರ್ ಕೆಲಸವನ್ನೂ ಬಿಡಿಸುತ್ತೀಯಂತೆ. ದುಡುಕಬೇಡ, ನಿನ್ನ ಕೈ ಹಿಡಿದು ಕೇಳುತ್ತೇನೆ.

ಮನೆಯಲ್ಲಿ ರೌಶನ್ ಬೀ, "ಊಟ ಯಾಕೆ ಸೇರ್ತಿಲ್ಲ ನಿಮ್ಗೆ?" ಎಂದು ಪೀಡಿಸುತ್ತಾಳೆ. ಗ್ಯಾರೇಜ್ ಮುಚ್ಚಿದರೆ ಜನ ಯಾಕೆ ಅನ್ನುತ್ತಾರೆ, ತೆರೆದರೆ ರಾಡ್ ಕೇಳುತ್ತಾರೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಈ ವಯಸ್ಸಿನಲ್ಲಿ ಹೊಗಳಿಕೆಗೆ ಹೆದರುತ್ತೇನೆಂದು ಯಾರಿಗೆ ಹೇಳಲಿ?

ಗಿರಿಜಾಂಬಾ ಅತ್ತಿಗೆಗೆ ನಮಸ್ಕಾರ. ರಶ್ಮಿಯನ್ನು ಅಲ್ಲಾಹು ಚೆನ್ನಾಗಿಟ್ಟಿರಲಿ, ನಿನ್ನನ್ನೂ.

ಇಂತಿ ನಿನ್ನ
ರಜಾಕ್

ತಾ.ಕ.: ನೀನು ವರ್ಷಗಟ್ಟಲೆ ಡಿಕ್ಕಿಯಲ್ಲಿ ತೋಟದ ಗೊಬ್ಬರದ ಮೂಟೆ ಸಾಗಿಸಿದೆ. ರಾಡ್ ಹಾಕಲು ಮ್ಯಾಟ್ ಎತ್ತಿದಾಗ, ಗೊಬ್ಬರದ ಉಪ್ಪಿಗೆ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಬದಲಿಸಲು ವಾರ ಬೇಕಿತ್ತು, ನಾನು ಸೋಮವಾರಕ್ಕೇ ಕೊಡುತ್ತೇನೆಂದು ಜಂಬ ಕೊಚ್ಚಿದ್ದೆ. ಅದೇ ತಗಡಿಗೆ ರಾಡ್ ಬೆಸೆದು, ಪುಟ್ಟಿ ಮೆತ್ತಿ ಬಣ್ಣ ಬಳಿದೆ. ತಿರುವಿನಲ್ಲಿ ಆ ರಾಡ್ ಬುಡಸಮೇತ ಕಿತ್ತು ಬಂದು ಕಾರು ಗಿರಕಿ ಹೊಡೆದು ಚರಂಡಿಗೆ ಬಿತ್ತು. ಕಾರನ್ನು ಗ್ಯಾರೇಜಿಗೆ ಎಳೆಸಿ ತಂದು, ನೀನು ಬಂದು ನೋಡುವ ಮೊದಲೇ ಮತ್ತೆ ಬೆಸೆದಿಟ್ಟೆ. ಆಸ್ಪತ್ರೆಯಲ್ಲಿ ರಶ್ಮಿ, "ಮಾಮ, ನಾನು ನಿಧಾನಕ್ಕೇ ಹೋಗ್ತಿದ್ದೆ. ನೀವಾದ್ರೂ ನಂಬ್ತೀರಲ್ಲ?" ಎಂದಳು. "ಮಳೆ ರಸ್ತೆ, ಸ್ಪೀಡು ನಿಂಗೆ ಗೊತ್ತಾಗಿರಲ್ಲಮ್ಮ" ಎಂದುಬಿಟ್ಟೆ. ಈ ಕಾಗದವನ್ನು ಅವಳ ಕೈಗೆ ಕೊಡು.